ಹುಳ ಬಿದ್ದ ನಾಯಿಗೆ ಟರ್ಪೆಂಟೈನ್ ಸುರಿಯುವವರಿಗೆ

ಮಳೆಗಾಲದಲ್ಲಿ ಜನ ಎತ್ತಿಕೊಂಡು ಬರುವ ಬೀದಿನಾಯಿಗಳ ಗಾಯದಿಂದ ಕೀವಿಗಿಂತ ಮೊದಲು ಟರ್ಪೆಂಟೈನ್ ವಾಸನೆಯೇ ಮೂಗಿಗೆ ಬಡಿಯುತ್ತದೆ. ಇಲ್ಲವೇ ಫಿನಾಯಿಲ್, ಸೀಮೆಎಣ್ಣೆ. ಸುರಿದವರು ಒಳ್ಳೆಯ ಮನಸ್ಸಿನವರೇ, ಬೈಯಲು ಬಾಯಿ ಬರುವುದಿಲ್ಲ. ಆದರೂ ನಿಲ್ಲಿಸಿ. ಅದು ಹಸಿ ಮಾಂಸವನ್ನು ಸುಡುತ್ತದೆ. ನಾಯಿ ನೆಕ್ಕಿದರೆ ಹೊಟ್ಟೆಗೆ, ವಾಂತಿಯಾದರೆ ಶ್ವಾಸಕೋಶಕ್ಕೂ ಹೋಗಬಹುದು.

ಇದಕ್ಕಿಂತ ದೊಡ್ಡ ತಪ್ಪು, ಏನೋ ಒಂದು ಸ್ಪ್ರೇ ಹೊಡೆದು ‘ಆಯ್ತು’ ಎಂದು ಹೊರಟುಬಿಡುವುದು. ಗಾಯದ ಹುಳವೆಂದರೆ ನೊಣದ ಮರಿ, ಅದು ತಲೆಯನ್ನು ಮಾಂಸದೊಳಗೆ ಹೂತು ಹಿಂಬದಿಯಿಂದ ಉಸಿರಾಡುತ್ತದೆ. ಸ್ಪ್ರೇ ಬಿದ್ದಾಗ ಕೆಲವು ಹೊರಬರುತ್ತವೆ, ಕೆಲವು ಆಳಕ್ಕಿಳಿಯುತ್ತವೆ, ಕೆಲವು ಒಳಗೇ ಸತ್ತು ಕೊಳೆಯುತ್ತವೆ. ಮೇಲಾಗಿ, ನೊಣದ ಮೊಟ್ಟೆ ಒಡೆಯಲು ಒಂದು ದಿನ ಸಾಕು. ಇವತ್ತು ಚೊಕ್ಕವಾಗಿ ಕಂಡ ಗಾಯದಲ್ಲಿ ನಾಳೆ ಹೊಸ ಹುಳ. ಆದ್ದರಿಂದ ಚಿಮಟದಿಂದ ಒಂದೊಂದನ್ನೂ ತೆಗೆಯಬೇಕು. ಮಾರನೆಯ ದಿನ ಮತ್ತೆ ನೋಡಬೇಕು, ಅದರ ಮಾರನೆಯ ದಿನವೂ. ಒಂದೂ ಕಾಣದ ಮೇಲೆ ಇನ್ನೆರಡು ದಿನ ನೋಡಬೇಕು. ಇಷ್ಟು ಹೇಳಿದ ಮೇಲೂ ‘ನಿನ್ನೆ ತಾನೇ ಔಷಧಿ ಹಾಕಿದ್ದೆವಲ್ಲಾ’ ಎನ್ನುವವರಿದ್ದಾರೆ!

ಕೈಗೆ ಗ್ಲೌಸ್, ನಾಯಿಯ ಮೂತಿಗೆ ಬ್ಯಾಂಡೇಜ್ ಪಟ್ಟಿ. ಏದುಸಿರು ಬಿಡುತ್ತಿದ್ದರೆ, ವಾಂತಿಯಿದ್ದರೆ ಮೂತಿ ಕಟ್ಟಬಾರದು. ಜೋತ ದವಡೆ, ಸುರಿಯುವ ಜೊಲ್ಲು, ತೂರಾಟ ಕಂಡರೆ ರೇಬೀಸ್ ಇರಬಹುದು, ಮುಟ್ಟಲೇಬೇಡಿ. ಈ ಕೆಲಸ ಮಾಡುವವರು ರೇಬೀಸ್ ಲಸಿಕೆಯನ್ನು ಮೊದಲೇ ಹಾಕಿಸಿಕೊಂಡಿರಬೇಕು. ಕಚ್ಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಗಾಯ ತೊಳೆಯಲು ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಸೂಜಿ ತೆಗೆದ 20 ಮಿ.ಲೀ. ಸಿರಿಂಜ್. ಕೊನೆಗೆ 100 ಮಿ.ಲೀ. ನೀರಿಗೆ ಶೇ. 5ರ ಪೊವಿಡೋನ್ ಅಯೋಡಿನ್ (ನಂಜು ತಡೆಯುವ ದ್ರಾವಣ) 2 ಮಿ.ಲೀ. ಬೆರೆಸಿ ಹಾಕಿ, ತೆಳು ಚಹಾದ ಬಣ್ಣ ಸಾಕು, ಗಾಢವಾದಷ್ಟೂ ಹೊಸ ಮಾಂಸಕ್ಕೆ ಪೆಟ್ಟು. ನೊಣ ಓಡಿಸುವ ಮುಲಾಮು ಗಾಯದ ಸುತ್ತ ಮಾತ್ರ. ಕಿವಿಯೊಳಗೆ ಹುಳವಿದ್ದರೆ ಏನನ್ನೂ ಸುರಿಯಬೇಡಿ, ಕಿವಿಯ ತಮಟೆ ಹರಿದಿರಬಹುದು. ಆಳದ ಗಾಯಕ್ಕೆ ಮಂಪರು ಕೊಟ್ಟೇ ಕೈ ಹಾಕಬೇಕು, ಅದು ವೈದ್ಯರ ಕೆಲಸ. ದನಕ್ಕೆಂದು ತಂದಿಟ್ಟ, ಹುಳ-ಉಣ್ಣೆ ಕೊಲ್ಲುವ ಔಷಧಿ ಐವರ್‌ಮೆಕ್ಟಿನ್ ಅನ್ನು ಅಂದಾಜಿನಲ್ಲಿ ಚುಚ್ಚುವವರೂ ಇದ್ದಾರೆ. ಕೆಲವು ತಳಿಗಳಿಗೆ, ಅವುಗಳ ಮಿಶ್ರಣಕ್ಕೂ, ಅದು ನೇರ ಮೆದುಳಿಗೇ ಏರುತ್ತದೆ.

ಜನನಾಂಗದಲ್ಲೇ ಮತ್ತೆ ಮತ್ತೆ ಹುಳ ಬಿದ್ದರೆ, ರಕ್ತ ತೊಟ್ಟಿಕ್ಕುತ್ತಿದ್ದರೆ, ಸಂಭೋಗದಿಂದ ಹರಡುವ ಗಡ್ಡೆ ಇರಬಹುದು. ಅದಕ್ಕೆ ವಾರಕ್ಕೊಂದು ಸಲ ಕ್ಯಾನ್ಸರ್ ಔಷಧಿಯಾದ ವಿನ್‌ಕ್ರಿಸ್ಟಿನ್, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಹುಳ ಹೋಯಿತೆಂದು ಎರಡನೇ ವಾರಕ್ಕೇ ನಾಯಿಯನ್ನು ಬಿಟ್ಟುಬಿಟ್ಟರೆ ಗಡ್ಡೆ ಉಳಿಯುತ್ತದೆ, ಬೀದಿಯ ಉಳಿದ ನಾಯಿಗಳಿಗೂ ಅಂಟುತ್ತದೆ.