ಉತ್ತರದ ಎಷ್ಟು ಅಂಕಿಗಳನ್ನು ನಂಬಬಹುದು?

ವಿಶ್ವವಿದ್ಯಾಲಯದಲ್ಲಿ ನಾನು ನಡೆಸುವ ಸಂಖ್ಯಾತ್ಮಕ ಪ್ರೋಗ್ರಾಮಿಂಗ್‌ನ ಕಿರು ಕೋರ್ಸಿಗೆ ಬರುವವರು ಹಲವು ವರ್ಷ ಕೋಡ್ ಬರೆದು ಪಳಗಿದವರು. ಅವರಿಗೆ ಲೂಪ್, ಫಂಕ್ಷನ್, ಡೇಟಾ ರಚನೆಗಳನ್ನು ಹೇಳಿಕೊಡಬೇಕಾಗಿಲ್ಲ. ಹೊಸ ಭಾಷೆಯೊಂದರ ವ್ಯಾಕರಣವನ್ನು ಅವರು ತಾವೇ ಓದಿಕೊಳ್ಳಬಲ್ಲರು. ಹಾಗಾದರೆ ಕೈಯಲ್ಲಿರುವ ಹತ್ತು ತರಗತಿಗಳಲ್ಲಿ ಕಲಿಸಬೇಕಾದುದೇನು? ಮೊದಮೊದಲು ನಾನು ಪಠ್ಯಕ್ರಮವನ್ನು ವಿಧಾನಗಳ ಪಟ್ಟಿಯಂತೆ ರೂಪಿಸಿದ್ದೆ. ಕೋರ್ಸಿನ ಕೊನೆಯಲ್ಲಿ ವಿದ್ಯಾರ್ಥಿಗಳು ಬರೆದ ಕೋಡ್ ಅಚ್ಚುಕಟ್ಟಾಗಿರುತ್ತಿತ್ತು, ಟೆಸ್ಟ್‌ಗಳೆಲ್ಲ ಪಾಸಾಗಿರುತ್ತಿದ್ದವು. ಆದರೆ ಬಂದ ಉತ್ತರದಲ್ಲಿ ಎಷ್ಟು ಅಂಕಿಗಳನ್ನು ನಂಬಬಹುದೆಂದು ಕೇಳಿದರೆ ಯಾರೂ ಹೇಳಲಾರರು. ಅಂದಿನಿಂದ, ಆ ಒಂದು ಪ್ರಶ್ನೆಗೆ ಉತ್ತರಿಸಲು ಬೇಕಾದಷ್ಟನ್ನು ಮಾತ್ರ ಕೋರ್ಸಿನಲ್ಲಿ ಉಳಿಸಿಕೊಂಡಿದ್ದೇನೆ.

ಮೊದಲ ತರಗತಿಯಲ್ಲಿ ಎಲ್ಲರೂ ಶಾಲೆಯಲ್ಲೇ ಬಿಡಿಸಿರುವಂಥ ಒಂದು ವರ್ಗ ಸಮೀಕರಣವನ್ನು ಕೊಡುತ್ತೇನೆ. ಎಕ್ಸ್ ವರ್ಗದ ಸಹಗುಣಕ 1, ಎಕ್ಸ್‌ನ ಸಹಗುಣಕ ಋಣ 10 ಕೋಟಿ, ಸ್ಥಿರ ಪದ 1. ಇದರ ಒಂದು ಮೂಲ ಹೆಚ್ಚುಕಡಿಮೆ 10 ಕೋಟಿ. ಇನ್ನೊಂದು ಒಂದರ 10 ಕೋಟಿಯಲ್ಲೊಂದು ಭಾಗ, ಅಂದರೆ 0.00000001. ಪಠ್ಯಪುಸ್ತಕದ ಸೂತ್ರವನ್ನು ಹಾಗೆಯೇ ಕೋಡಿಗಿಳಿಸಿದಾಗ ದೊಡ್ಡ ಮೂಲ ಸರಿಯಾಗಿ ಬರುತ್ತದೆ, ಚಿಕ್ಕದು ಮಾತ್ರ 0.00000000745 ಎಂದು ಬರುತ್ತದೆ. ಕಾಲು ಭಾಗದಷ್ಟು ತಪ್ಪು! ಆಗ ಬಹುತೇಕ ಎಲ್ಲರೂ ಮಾಡುವ ಮೊದಲ ಕೆಲಸವೆಂದರೆ ತಮ್ಮ ಕೋಡಿನಲ್ಲಿ ಬಗ್ ಹುಡುಕುವುದು. ಬಗ್ ಇಲ್ಲ, ಸೂತ್ರವೂ ತಪ್ಪಿಲ್ಲ. ಗಣಕದ 64 ಬಿಟ್ ಸಂಖ್ಯೆಗಳಲ್ಲಿ 10 ಕೋಟಿಯ ಆಸುಪಾಸಿನಲ್ಲಿರುವ ಎರಡು ನೆರೆಯ ಸಂಖ್ಯೆಗಳ ನಡುವಿನ ಅಂತರವೇ ಸುಮಾರು 0.000000015. ವರ್ಗಮೂಲದ ಬೆಲೆ 10 ಕೋಟಿಗೆ ಅತಿ ಸಮೀಪವಾಗಿದ್ದು, ಅದನ್ನು 10 ಕೋಟಿಯಿಂದ ಕಳೆದಾಗ ಹೊಂದಿಕೆಯಾಗುವ ಮುಂಚಿನ ಅಂಕಿಗಳೆಲ್ಲ ಅಳಿಸಿಹೋಗಿ, ಹಿಂದೆ ಅಡಗಿದ್ದ, ಬೆಲೆಯನ್ನು ಇಡಬಹುದಾದ ಹತ್ತಿರದ ಸಂಖ್ಯೆಗೆ ಹೊಂದಿಸುವ ರೌಂಡಿಂಗ್‌ನ ಶೇಷವೇ ಉತ್ತರವಾಗಿ ನಿಲ್ಲುತ್ತದೆ. ಪರಿಹಾರ ಒಂದೇ ಸಾಲಿನದು: ಮೊದಲು ದೊಡ್ಡ ಮೂಲವನ್ನು ಕಂಡುಹಿಡಿದು, ಎರಡು ಮೂಲಗಳ ಗುಣಲಬ್ಧ 1 ಎಂಬುದನ್ನು ಬಳಸಿ, ಭಾಗಾಕಾರದಿಂದ ಚಿಕ್ಕದನ್ನು ಪಡೆಯುವುದು. ಬೀಜಗಣಿತದಲ್ಲಿ ಸಮವಾದ ಎರಡು ಬರಹಗಳು ಗಣಕದಲ್ಲಿ ಸಮವಾಗಿರಬೇಕಾಗಿಲ್ಲ ಎಂಬುದು ಅನುಭವಿ ಪ್ರೋಗ್ರಾಮರ್‌ಗೆ ನಿಜವಾಗಿಯೂ ಹೊಸ ಸಂಗತಿ. ಕೋಡನ್ನು ಸರಳಗೊಳಿಸುವ ಅವರ ಒಳ್ಳೆಯ ಅಭ್ಯಾಸವೇ ಇಲ್ಲಿ ಎಡವಿಸಬಲ್ಲದು.

ಇದಾದ ಮೇಲಷ್ಟೇ, ಗಣಕ ದಶಮಾಂಶ ಸಂಖ್ಯೆಗಳನ್ನು ಇಡುವ ರೂಪವಾದ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯ ಒಳರಚನೆಗೆ ಬರುತ್ತೇನೆ, ಏಕೆಂದರೆ ಆಗ ಅದನ್ನು ತಿಳಿಯುವ ಅಗತ್ಯ ಅವರಿಗೇ ಕಂಡಿರುತ್ತದೆ. ಗಣಕ ವಿಜ್ಞಾನಿ ವಿಲಿಯಂ ಕಹಾನ್ ಅವರು ಪ್ರಮುಖ ಪಾತ್ರ ವಹಿಸಿ ರೂಪಿಸಿದ, 1985ರಲ್ಲಿ ಜಾರಿಗೆ ಬಂದ ಐಇಇಇ 754 ಮಾನದಂಡದಂತೆ, 64 ಬಿಟ್‌ಗಳಲ್ಲಿ 1 ಚಿಹ್ನೆಗೆ, 11 ಘಾತಕ್ಕೆ, 52 ಭಿನ್ನಾಂಶಕ್ಕೆ ಮೀಸಲು. ಹೀಗಾಗಿ ನಮಗೆ ಸಿಗುವುದು ಸುಮಾರು 16 ದಶಮಾಂಶ ಅಂಕಿಗಳ ನಿಖರತೆ. ದ್ವಿಮಾನ ಪದ್ಧತಿಯಲ್ಲಿ 0.1 ಕೊನೆಯಿಲ್ಲದ ಆವರ್ತ ಭಿನ್ನರಾಶಿಯಾದ್ದರಿಂದ ಅದನ್ನು ಪೂರ್ಣವಾಗಿ ಇಡಲು ಸಾಧ್ಯವೇ ಇಲ್ಲ. ಈ ಪುಟ್ಟ ಸಂಗತಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ಧಹ್ರಾನ್‌ನಲ್ಲಿ ನಡೆದದ್ದನ್ನು ನಾನು ಪ್ರತಿ ಸಲವೂ ವಿವರವಾಗಿ ಹೇಳುತ್ತೇನೆ. ಅಮೆರಿಕ ಸೇನೆಯ ಪೇಟ್ರಿಯಟ್ ಕ್ಷಿಪಣಿ ನಿರೋಧಕ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗಗಳನ್ನು ಎಣಿಸುತ್ತಿತ್ತು. ಸೆಕೆಂಡಿಗೆ ಬದಲಿಸಲು ಆ ಎಣಿಕೆಯನ್ನು 24 ಬಿಟ್‌ಗೆ ಕತ್ತರಿಸಿದ 0.1ರಿಂದ ಗುಣಿಸಲಾಗುತ್ತಿತ್ತು. ಒಂದೊಂದು ಎಣಿಕೆಯಲ್ಲಿದ್ದ ತಪ್ಪು 0.000000095 ಸೆಕೆಂಡಿನಷ್ಟು ಮಾತ್ರ. ಆದರೆ ವ್ಯವಸ್ಥೆ ಸುಮಾರು 100 ಗಂಟೆ ನಿಲ್ಲದೆ ಓಡಿತ್ತು, ಅಂದರೆ 36 ಲಕ್ಷ ಎಣಿಕೆಗಳು. ಒಟ್ಟು ತಪ್ಪು 0.34 ಸೆಕೆಂಡ್. ಅಷ್ಟು ಹೊತ್ತಿನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಬಂದ ಕ್ಷಿಪಣಿಯನ್ನು ತಡೆಯಲಾಗಲಿಲ್ಲ, 28 ಸೈನಿಕರು ಸತ್ತರು. ಈ ಗುಣಾಕಾರವನ್ನು ತರಗತಿಯಲ್ಲಿ ಕೈಯಿಂದಲೇ ಮಾಡಿಸುತ್ತೇನೆ.

ಮುಂದಿನ ಹಂತದಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ, ಮತ್ತು ನನ್ನ ಅನುಭವದಲ್ಲಿ ಇಡೀ ಕೋರ್ಸಿನ ಅತಿ ಕಷ್ಟದ ಭಾಗ ಇದೇ. ತಪ್ಪು ನಾವು ಆರಿಸಿದ ಲೆಕ್ಕದ ಕ್ರಮದಿಂದ ಬಂದಿರಬಹುದು, ಇಲ್ಲವೇ ಸಮಸ್ಯೆಯ ಸ್ವಭಾವದಲ್ಲೇ ಇರಬಹುದು. ಮೊದಲನೆಯದಕ್ಕೆ ಉದಾಹರಣೆಯಾಗಿ ವೇರಿಯನ್ಸ್ ಅನ್ನು, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯನ್ನು ತೆಗೆದುಕೊಳ್ಳುತ್ತೇನೆ. 4, 7, 13, 16 ಎಂಬ ನಾಲ್ಕು ಸಂಖ್ಯೆಗಳಿಗೆ ಅದು 30. ಪ್ರತಿಯೊಂದಕ್ಕೂ 100 ಕೋಟಿ ಕೂಡಿಸಿದರೂ ಚದುರುವಿಕೆ ಬದಲಾಗುವುದಿಲ್ಲ, ಉತ್ತರ 30 ಆಗಿಯೇ ಉಳಿಯಬೇಕು. ಆದರೆ ವರ್ಗಗಳ ಮೊತ್ತದಿಂದ ಮೊತ್ತದ ವರ್ಗದ ನಾಲ್ಕನೇ ಒಂದು ಭಾಗವನ್ನು ಕಳೆದು 3ರಿಂದ ಭಾಗಿಸುವ, ದತ್ತಾಂಶವನ್ನು ಒಂದೇ ಸಲ ಓದಿ ಮುಗಿಸುವ ಜನಪ್ರಿಯ ಸೂತ್ರ ಋಣ 170.67 ಎನ್ನುತ್ತದೆ. ವರ್ಗಗಳ ಮೊತ್ತವೊಂದು ಸೊನ್ನೆಗಿಂತ ಕಡಿಮೆಯಾಗಲು ಸಾಧ್ಯವೇ ಇಲ್ಲ. ಮೊದಲು ಸರಾಸರಿ ಕಂಡುಹಿಡಿದು ನಂತರ ವ್ಯತ್ಯಾಸಗಳನ್ನು ವರ್ಗಮಾಡಿ ಕೂಡಿಸಿ 3ರಿಂದ ಭಾಗಿಸಿದರೆ ಉತ್ತರ ನೇರವಾಗಿ 30. ಒಂದೇ ಸಲ ಓದುವುದು ಅನಿವಾರ್ಯವಾದಲ್ಲಿ ವೆಲ್ಫರ್ಡ್ ಅವರ 1962ರ ವಿಧಾನವಿದೆ. ಇಲ್ಲಿ ಸಮಸ್ಯೆ ಸಾಧುವಾಗಿದೆ, ನಾವು ಹಿಡಿದ ದಾರಿ ಕೆಟ್ಟದ್ದು.

ಎರಡನೆಯದಕ್ಕೆ ಗಣಿತಜ್ಞ ಜೇಮ್ಸ್ ವಿಲ್ಕಿನ್ಸನ್ ಅವರ ಬಹುಪದವನ್ನು ಬಿಟ್ಟರೆ ಉತ್ತಮ ಉದಾಹರಣೆ ನನಗೆ ಸಿಕ್ಕಿಲ್ಲ. 1ರಿಂದ 20ರವರೆಗಿನ ಪೂರ್ಣಾಂಕಗಳನ್ನೇ ಮೂಲಗಳಾಗಿ ಉಳ್ಳ ಬಹುಪದವನ್ನು ವಿಸ್ತರಿಸಿದಾಗ 19ನೇ ಘಾತದ ಸಹಗುಣಕ ಋಣ 210. ಅದನ್ನು ಸುಮಾರು 0.00000012ರಷ್ಟು ಅಲುಗಿಸಿದರೆ ಸಾಕು, 20 ಮೂಲಗಳಲ್ಲಿ 10 ವಾಸ್ತವ ಸಂಖ್ಯೆಗಳಾಗಿ ಉಳಿಯದೆ ಸಮ್ಮಿಶ್ರ ಸಂಖ್ಯೆಗಳಾಗುತ್ತವೆ. ಎಷ್ಟೇ ಜಾಣ್ಮೆಯ ಕೋಡ್ ಬರೆದರೂ ಈ ಚಂಚಲತೆ ಹೋಗದು. ಮ್ಯಾಟ್ರಿಕ್ಸ್‌ಗಳಲ್ಲಿ ಇದನ್ನು ಅಳೆಯುವುದು ಕಂಡಿಷನ್ ನಂಬರ್, ಅಂದರೆ ಕೊಟ್ಟ ಬೆಲೆಗಳಲ್ಲಿನ ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಪಟ್ಟು ಹಿಗ್ಗಬಹುದು ಎಂಬ ಸಂಖ್ಯೆ. 1, 1/2, 1/3 ಮುಂತಾದ ಭಿನ್ನರಾಶಿಗಳಿಂದ ತುಂಬಿದ, 12 ಸಾಲುಗಳ ಹಿಲ್ಬರ್ಟ್ ಮ್ಯಾಟ್ರಿಕ್ಸಿನಲ್ಲಿ ಅದು 10ರ 16ನೇ ಘಾತವನ್ನು ಮೀರುತ್ತದೆ. ನಮ್ಮಲ್ಲಿರುವುದೇ 16 ಅಂಕಿಗಳಾದ್ದರಿಂದ ಒಂದು ಅಂಕಿಯೂ ಸರಿಯಿರುವ ಭರವಸೆ ಉಳಿಯುವುದಿಲ್ಲ. ಆದರೂ ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡಿದರೆ ಎಡಬಲಗಳು ಸೊಗಸಾಗಿ ತಾಳೆಯಾಗುತ್ತವೆ. ತಾಳೆ ನೋಡಿ ತೃಪ್ತರಾಗುವ ಅಭ್ಯಾಸವನ್ನು ಬಿಡಿಸಲು ನನಗೆ ಒಂದಿಡೀ ತರಗತಿ ಬೇಕಾಗುತ್ತದೆ.

ರೌಂಡಿಂಗ್ ಒಂದೇ ತಪ್ಪಿನ ಮೂಲವಲ್ಲ. ಅನಂತ ಪ್ರಕ್ರಿಯೆಯೊಂದನ್ನು ನಡುವೆ ನಿಲ್ಲಿಸುವುದರಿಂದಲೂ ತಪ್ಪು ಬರುತ್ತದೆ. ಇವೆರಡೂ ಒಟ್ಟಿಗೆ ಕಾಣಿಸುವ ಪ್ರಯೋಗವೆಂದರೆ ಡೆರಿವೇಟಿವ್, ಅಂದರೆ ಫಂಕ್ಷನ್ನಿನ ಬೆಲೆ ಬದಲಾಗುವ ದರ. ಸೈನ್ ಫಂಕ್ಷನ್ನಿನ ಡೆರಿವೇಟಿವ್ ಅನ್ನು 1ರಲ್ಲಿ, ಹೆಜ್ಜೆಯನ್ನು (ಹೋಲಿಸುವ ಎರಡು ಬಿಂದುಗಳ ನಡುವಿನ ಅಂತರವನ್ನು) 0.1ರಿಂದ ಹತ್ತು ಹತ್ತು ಪಟ್ಟು ಕಿರಿದಾಗಿಸುತ್ತಾ ಲೆಕ್ಕ ಹಾಕಿಸುತ್ತೇನೆ. ತಪ್ಪು ಇಳಿಯುತ್ತಾ ಹೋಗಿ 10ರ ಋಣ 8ನೇ ಘಾತದ ಬಳಿ ತಳ ಮುಟ್ಟಿ, ಮತ್ತೆ ಏರತೊಡಗುತ್ತದೆ. ಋಣ 16ನೇ ಘಾತಕ್ಕೆ ಬಂದಾಗ ಒಂದಕ್ಕೆ ಹೆಜ್ಜೆಯನ್ನು ಕೂಡಿಸಿದರೂ ಅದು ಒಂದಾಗಿಯೇ ಉಳಿದು, ಉತ್ತರ ಸೊನ್ನೆಯಾಗುತ್ತದೆ. ಹೆಜ್ಜೆ ಚಿಕ್ಕದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಆ ಒಂದು ನಕ್ಷೆಯ ಮುಂದೆ ನಿಲ್ಲುವುದಿಲ್ಲ.

ಟೆಸ್ಟಿಂಗ್ ವಿಷಯದಲ್ಲಿ ಈ ವಿದ್ಯಾರ್ಥಿಗಳು ನನಗಿಂತಲೂ ಶಿಸ್ತಿನವರು, ಆದರೆ ಬಂದ ಬೆಲೆ ನಿರೀಕ್ಷಿತ ಬೆಲೆಗೆ ಸಮವೇ ಎಂದು ಕೇಳುವ ಟೆಸ್ಟ್ ಇಲ್ಲಿ ಸಾಲದು. ತಪ್ಪು ಯಾವ ವೇಗದಲ್ಲಿ ಕುಗ್ಗುತ್ತಿದೆ ಎಂಬುದನ್ನು ಪರೀಕ್ಷಿಸಬೇಕು. ಟ್ರಪೀಜಿಯಂ ನಿಯಮದಿಂದ ವಕ್ರರೇಖೆಯ ಕೆಳಗಿನ ಕ್ಷೇತ್ರಫಲ ಕಾಣುವಾಗ, ರೇಖೆ ನುಣುಪಾಗಿದ್ದಲ್ಲಿ, ಪಟ್ಟಿಗಳ ಸಂಖ್ಯೆಯನ್ನು ಇಮ್ಮಡಿಸಿದರೆ ತಪ್ಪು ಕಾಲು ಭಾಗಕ್ಕಿಳಿಯಬೇಕು. ಸಿಂಪ್ಸನ್ ನಿಯಮದಲ್ಲಿ ಹದಿನಾರನೇ ಒಂದು ಭಾಗಕ್ಕೆ. ತುದಿಯ ಬಿಂದುವಿಗೆ ಅರ್ಧದ ಬದಲು ಪೂರ್ಣ ತೂಕ ಕೊಟ್ಟ ಕೋಡ್ ಕೂಡ ಸರಿ ಉತ್ತರದ ಕಡೆಗೇ ಸಾಗುತ್ತದೆ, ಆದರೆ ತಪ್ಪು ಪ್ರತಿ ಸಲ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಸಡಿಲ ಮಿತಿಯ ಸಮಾನತೆಯ ಟೆಸ್ಟ್ ಇದನ್ನು ಹಿಡಿಯಲಾರದು.

ವೇಗದ ಬಗ್ಗೆ ನಾನು ಒಂದೇ ತರಗತಿ ಕೊಡುತ್ತೇನೆ. ಫೋರ್ಟ್ರಾನ್ ಮ್ಯಾಟ್ರಿಕ್ಸನ್ನು ಕಂಬಸಾಲಾಗಿಯೂ ಸಿ ಭಾಷೆ ಅಡ್ಡಸಾಲಾಗಿಯೂ ಮೆಮೊರಿಯಲ್ಲಿ ಇಡುತ್ತವೆ ಎಂಬುದು, ಸಮೀಕರಣ ಬಿಡಿಸಲು ವಿಲೋಮ ಮ್ಯಾಟ್ರಿಕ್ಸ್ ಲೆಕ್ಕ ಹಾಕಬಾರದೆಂಬುದು, ಮತ್ತು ಈ ಕೆಲಸಗಳಿಗೆ ಲ್ಯಾಪ್ಯಾಕ್‌ನಂತಹ ದಶಕಗಳಿಂದ ಒರೆಗೆ ಹಚ್ಚಿದ ಲೈಬ್ರರಿಯನ್ನೇ ಬಳಸಬೇಕೆಂಬುದು ತಿಳಿದರೆ ಆರಂಭಕ್ಕೆ ಸಾಕು. ಅವಕಲ ಸಮೀಕರಣಗಳಿಗೂ ಹೆಚ್ಚು ಸಮಯ ಸಿಗುವುದಿಲ್ಲ.

ಕೊನೆಯ ಅಭ್ಯಾಸಕ್ಕೆ ಪ್ರತಿಯೊಬ್ಬರೂ ತಮ್ಮ ಉದ್ಯೋಗದ ಒಂದು ಲೆಕ್ಕವನ್ನು ತಂದು, ಉತ್ತರದ ಜೊತೆಗೆ ಅದರ ಎಷ್ಟು ಅಂಕಿಗಳು ನಂಬಲರ್ಹ, ಏಕೆ ಎಂದು ಒಂದು ಪುಟ ಬರೆಯಬೇಕು. ಅಂಕಗಳು ಹೆಚ್ಚಾಗಿ ಆ ಪುಟಕ್ಕೆ. ಒಮ್ಮೆ ವಿದ್ಯಾರ್ಥಿಯೊಬ್ಬರು ಘಟನೆಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳುವ ಪ್ರೋಗ್ರಾಮನ್ನು ತಂದಿದ್ದರು; ಮೊತ್ತ 1,67,77,216 ತಲುಪಿದ ಮೇಲೆ ಮುಂದೆ ಹೋಗುತ್ತಲೇ ಇರಲಿಲ್ಲ. ದತ್ತಾಂಶ ಬರುವುದು ನಿಂತಿದೆಯೆಂದು ಭಾವಿಸಿ ಅವರು ಬಹಳ ದಿನ ಬೇರೆಡೆ ಹುಡುಕಿದ್ದರು. ಎರಡನೇ ತರಗತಿಯ ನಂತರ ಆ ಸಂಖ್ಯೆ 2ರ 24ನೇ ಘಾತವೆಂದು ಅವರಿಗೇ ಹೊಳೆಯಿತು: ಮೊತ್ತವನ್ನು 32 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ಆಗಿ ಇಟ್ಟಿದ್ದರಿಂದ, ಅಲ್ಲಿಂದ ಮುಂದೆ ಒಂದನ್ನು ಕೂಡಿಸಿದರೂ ಅದು ರೌಂಡಿಂಗ್‌ನಲ್ಲಿ ಕಳೆದುಹೋಗುತ್ತಿತ್ತು. ಅವರು ಮೊತ್ತವನ್ನು 64 ಬಿಟ್‌ನ ಪೂರ್ಣಾಂಕಕ್ಕೆ ಬದಲಿಸಿ, ಹಾಗೆ ಬದಲಿಸಿದ್ದೇಕೆಂದು ಅದರ ಮೇಲಿನ ಸಾಲಿನಲ್ಲೇ ಕಾಮೆಂಟ್ ಬರೆದಿದ್ದರು.