ಎಂಆರ್‌ಐ ಡೈ ಒಳಗೆ ಹೋಗುತ್ತೆ ಸರಿ, ಹೊರಗೆ ಬರೋದು ಹೆಂಗೆ?

ಎಂಆರ್‌ಐಗೆ ಹೋದ್ರೆ "ಕಾಂಟ್ರಾಸ್ಟ್ ಹಾಕ್ಬೇಕು, ಕ್ರಿಯಾಟಿನಿನ್ ರಿಪೋರ್ಟ್ ತಂದಿದೀರಾ?" ಅಂತಾರೆ. ಕಾಂಟ್ರಾಸ್ಟ್ ಅಂದ್ರೆ ಚಿತ್ರ ಎದ್ದು ಕಾಣಲಿ ಅಂತ ಕೊಡೋ ಡೈ, ಕ್ರಿಯಾಟಿನಿನ್ ಅಂದ್ರೆ ಕಿಡ್ನಿ ಹೆಂಗಿದೆ ಅಂತ ಹೇಳೋ ರಕ್ತಪರೀಕ್ಷೆ. ತಲೆ ಸ್ಕ್ಯಾನ್ ಮಾಡೋಕೆ ಕಿಡ್ನಿ ಉಸಾಬರಿ ಯಾಕಪ್ಪಾ ಅಂತ ನಂಗೂ ಅನ್ಸಿತ್ತು.

ಕೈಗೆ ಚುಚ್ಚೋ ಆ ನೀರಿನಂಥ ಡೈನಲ್ಲಿ ಇರೋದು ಗಡೋಲಿನಿಯಂ ಅನ್ನೋ ಲೋಹ. ಅದು ಸೇರಿದ ಜಾಗ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತೆ. ಆದ್ರೆ ಬಿಡಿಯಾಗಿ ಬಿಟ್ರೆ ವಿಷ, ಗಾತ್ರದಲ್ಲಿ ಕ್ಯಾಲ್ಸಿಯಂ ಥರನೇ ಇರೋದ್ರಿಂದ ಅದರ ಜಾಗಕ್ಕೇ ನುಗ್ಗುತ್ತೆ. ಅದಕ್ಕೆ ಡಿಟಿಪಿಎ ಥರದ ಅಣುವಿನ ಹಿಡಿತದಲ್ಲಿಟ್ಟು ಕೊಡ್ತಾರೆ, 1988ರಲ್ಲಿ ಅಮೆರಿಕ ಒಪ್ಪಿದ ಮ್ಯಾಗ್ನೆವಿಸ್ಟ್ ಅನ್ನೋ ಡೈ ಹಂಗೇ ಮಾಡಿದ್ದು. ಅಣು ಚಿಕ್ಕದು, ಹಾಗಾಗಿ ರಕ್ತನಾಳದಿಂದ ಬೇಗ ಸೋರಿ ಮೂತ್ರದ ದಾರಿ ಹಿಡಿಯುತ್ತೆ.

1986ರಲ್ಲಿ ಜಪಾನಿನ ಮಾತ್ಸುಮುರಾ, ಮಾಯೆದಾ ಇಬ್ರೂ ಕ್ಯಾನ್ಸರ್ ಗಡ್ಡೆಯ ರಕ್ತನಾಳ ಸೋರೋದ್ರಿಂದ ದೊಡ್ಡ ಅಣುಗಳು ಅಲ್ಲೇ ಸಿಕ್ಕಿಹಾಕ್ಕೊಳ್ತವೆ ಅಂತ ತೋರಿಸಿದ್ರು. ಹಂಗಾದ್ರೆ ಲೋಹನ ಸರಪಳಿಯಂಥ ಉದ್ದನೆ ಅಣುವಿಗೆ, ಅಂದ್ರೆ ಪಾಲಿಮರ್‌ಗೆ ಕಟ್ಟೋಣ ಅಂತ ಪಾಲಿಲೈಸಿನ್, ಡೆಕ್ಸ್‌ಟ್ರಾನ್ ಎಲ್ಲಾ ಟ್ರೈ ಮಾಡಿದ್ರು. ಚಿತ್ರ ಚೆನ್ನಾಗೇ ಬಂತು, ಆದ್ರೆ ಅಷ್ಟು ದೊಡ್ಡದನ್ನ ಕಿಡ್ನಿ ಸೋಸೋದೇ ಇಲ್ಲ, ಬಂದ ನೆಂಟ ಚಾಪೆ ಹಾಸ್ಕೊಂಡು ಅಲ್ಲೇ ಮಲಗಿದಂಗಾಯ್ತು.

2000ರ ನಂತರ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಝೆಂಗ್-ರಾಂಗ್ ಲೂ ತಂಡ ಇದಕ್ಕೊಂದು ಉಪಾಯ ಮಾಡ್ತು, ನಂಗೆ ಈ ಕಥೆಯಲ್ಲಿ ತುಂಬಾ ಇಷ್ಟ ಆಗೋದು ಇದೇ. ಸರಪಳಿಯ ಉದ್ದಕ್ಕೂ ಡೈಸಲ್ಫೈಡ್, ಅಂದ್ರೆ ಎರಡು ಗಂಧಕದ ಪರಮಾಣುಗಳ ಕೊಂಡಿ ಹಾಕಿದ್ರು. ನಮ್ಮ ಮೈಯಲ್ಲಿ ಹೇಗೂ ಇರೋ ಗ್ಲುಟಾಥಯೋನ್, ಸಿಸ್ಟೀನ್ ಅನ್ನೋ ಅಣುಗಳು ಆ ಕೊಂಡಿನ ನಿಧಾನಕ್ಕೆ ಬಿಡಿಸ್ತವೆ, ಚಿತ್ರ ತೆಗೆಯೋವರೆಗೂ ಉದ್ದ ಇದ್ದ ಸರಪಳಿ ಆಮೇಲೆ ಚೂರುಚೂರಾಗಿ ಮೂತ್ರದಲ್ಲಿ ಹೋಗುತ್ತೆ.

ಅಷ್ಟರಲ್ಲಿ ಚಿಕ್ಕ ಅಣುಗಳ ಹುಳುಕೂ ಹೊರಗೆ ಬಂತು. ಕಿಡ್ನಿ ಕೆಟ್ಟವರಲ್ಲಿ ಚರ್ಮ ಗಟ್ಟಿಯಾಗಿ ಕೈಕಾಲು ಮಡಚೋಕೇ ಆಗದಂಥ ಕಾಯಿಲೆ ಕಾಣಿಸ್ಕೊಂಡಿತ್ತು, 2006ರಲ್ಲಿ ಆಸ್ಟ್ರಿಯಾದ ವೈದ್ಯ ಗ್ರೋಬ್ನರ್ ಅದಕ್ಕೂ ಗಡೋಲಿನಿಯಂಗೂ ನಂಟು ಹಾಕಿದ್ರು, 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಟ್ಟೆಚ್ಚರಿಕೆ ಅಚ್ಚು ಹಾಕಿಸ್ತು. ಕಿಡ್ನಿ ಹೊರಗೆ ಹಾಕದಿದ್ರೆ ಡೈ ಮೈಯಲ್ಲೇ ಉಳಿದು ಲೋಹ ಹಿಡಿತದಿಂದ ಜಾರೋ ಭಯ, ಕ್ರಿಯಾಟಿನಿನ್ ಕೇಳೋದು ಇದಕ್ಕೇ. 2014ರಲ್ಲಿ ಜಪಾನಿನ ಕಂಡಾ ತಂಡ ಪದೇ ಪದೇ ಡೈ ತಗೊಂಡವರ ಮೆದುಳಲ್ಲೂ ಅದರ ಗುರುತು ಕಂಡ್ತು, 2017ರಲ್ಲಿ ಯುರೋಪ್ ಡಿಟಿಪಿಎ ಥರ ಉಂಗುರವಾಗಿ ಮುಚ್ಚಿರದ, ಲೋಹನ ಸುಲಭಕ್ಕೆ ಬಿಟ್ಟುಕೊಡೋ ಹಿಡಿತದ ಕೆಲವು ಡೈಗಳನ್ನ ನಿಲ್ಲಿಸ್ತು.

ಅಂದ್ರೆ ಪಾಲಿಮರ್ ತುಂಡಾದ್ರೆ ಮಾತ್ರ ಸಾಲಲ್ಲ, ತುಂಡಾದ್ಮೇಲೂ ಲೋಹದ ಮೇಲಿನ ಹಿಡಿತ ಬಿಡಬಾರದು. ಅದಕ್ಕೇ ಲೂ ತಂಡ ಡೋಟಾ ಅನ್ನೋ ಉಂಗುರದಂಥ ಹಿಡಿತನೂ ಸರಪಳಿಗೆ ಸೇರಿಸ್ತು. ಚಿಕಿತ್ಸೆಗೂ ಇದೇ ದಾರಿ ಹಿಡಿದ್ರು, ಪಾಲಿಗ್ಲುಟಮಿಕ್ ಆಸಿಡ್ ಅನ್ನೋ ಪಾಲಿಮರ್‌ಗೆ ಒಂದು ಕಡೆ ಗಡೋಲಿನಿಯಂ, ಇನ್ನೊಂದು ಕಡೆ ಬೆಳಕು ಬಿದ್ರೆ ಜೀವಕೋಶ ಕೊಲ್ಲೋ ಮದ್ದು ಕಟ್ಟಿ, ಇಲಿಯ ಗಡ್ಡೆ ಎಲ್ಲಿದೆ ಅಂತ ಎಂಆರ್‌ಐನಲ್ಲಿ ನೋಡ್ಕೊಂಡೇ ಅಲ್ಲಿಗೆ ಲೇಸರ್ ಬಿಟ್ರು.