ಹಣ್ಣಿನ ಚಿತ್ರದ ಸಿಹಿ ಸೀರಿಯಲ್ ಮಗುವಿನ ದಿನನಿತ್ಯದ ತಿಂಡಿಯಾಗಬಹುದೇ?

ಪ್ರಶ್ನೆ: ನಮ್ಮ ಐದು ವರ್ಷದ ಮಗಳಿಗೆ ಬೆಳಗ್ಗೆ ಬಣ್ಣಬಣ್ಣದ ಉಂಗುರಗಳ ಸೀರಿಯಲ್ ಬಿಟ್ಟರೆ ಬೇರೇನೂ ಬೇಡ. ಪ್ಯಾಕೆಟ್ ಮೇಲೆ ಹಣ್ಣಿನ ಚಿತ್ರವಿದೆ, ವಿಟಮಿನ್ ಮತ್ತು ಕಬ್ಬಿಣ ಇದೆ ಅಂತಲೂ ಬರೆದಿದೆ. ದಿನಾ ಹಾಲಿನ ಜೊತೆ ಇದನ್ನೇ ಕೊಟ್ಟರೆ ಸಾಕಾ?

ಉತ್ತರ: ದಿನಾ ಬೇಡ. ವಾರಕ್ಕೊಂದೆರಡು ಸಲ, ಅಳತೆ ಇಟ್ಟುಕೊಂಡು ಕೊಟ್ಟರೆ ತೊಂದರೆಯಿಲ್ಲ. ಆದರೆ ಅದನ್ನು ಸಿಹಿತಿಂಡಿಯ ಲೆಕ್ಕಕ್ಕೆ ಸೇರಿಸಬೇಕು. ಯಾಕೆ ಅನ್ನುವುದು ಪ್ಯಾಕೆಟ್ಟಿನ ಹಿಂಬದಿಯಲ್ಲೇ ಅಚ್ಚಾಗಿದೆ, ಓದುವ ಕ್ರಮ ಗೊತ್ತಿರಬೇಕು ಅಷ್ಟೆ.

ಈ ಜಾತಿಯ ಸೀರಿಯಲ್‌ಗಳಲ್ಲಿ ಹೆಚ್ಚು ಹೆಸರಾದದ್ದು ಫ್ರೂಟ್ ಲೂಪ್ಸ್. 1963ರಲ್ಲಿ ಕೆಲ್ಲಾಗ್ಸ್ ಅಮೆರಿಕದಲ್ಲಿ ಮಾರುಕಟ್ಟೆಗೆ ತಂದದ್ದು. ಅಲ್ಲಿನ ಡಬ್ಬಿಯ ಪ್ರಕಾರ ಒಂದು ಸರ್ವಿಂಗ್ (ಒಂದು ಸಲಕ್ಕೆ ತಿನ್ನುವ ಅಳತೆ) ಅಂದರೆ 39 ಗ್ರಾಂ. ಅದರಲ್ಲಿ 150 ಕ್ಯಾಲರಿ, 34 ಗ್ರಾಂ ಕಾರ್ಬೋಹೈಡ್ರೇಟ್, 2 ಗ್ರಾಂ ಪ್ರೋಟೀನ್, 2 ಗ್ರಾಂ ನಾರು. ಸಕ್ಕರೆ 12 ಗ್ರಾಂ, ಅಂದರೆ ಮೂರು ಟೀ ಚಮಚ. ಈ ಹನ್ನೆರಡೂ ಗ್ರಾಂ ಮೇಲಿನಿಂದ ಬೆರೆಸಿದ್ದೇ, ಹಣ್ಣಿನಿಂದ ಬಂದದ್ದು ಒಂದು ಗ್ರಾಮೂ ಇಲ್ಲ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಇಲ್ಲಿ ಮೊದಲು ಮೆಕ್ಕೆಜೋಳದ ಹಿಟ್ಟು, ಎರಡನೆಯದೇ ಸಕ್ಕರೆ, ಆಮೇಲೆ ಗೋಧಿ ಹಿಟ್ಟು, ಓಟ್ಸ್ ಹಿಟ್ಟು. ಹಣ್ಣಿನ ಸುಳಿವು ಎಲ್ಲೂ ಇಲ್ಲ, ಇರುವುದು ಫ್ಲೇವರ್ ಮಾತ್ರ. ಕೆಂಪು, ಹಸಿರು, ನೇರಳೆ ಉಂಗುರಗಳ ರುಚಿಯೂ ಒಂದೇ, ಬಣ್ಣ ಮಾತ್ರ ಬೇರೆ.

ಲೆಕ್ಕ ತಪ್ಪುವುದು ಬಟ್ಟಲಿಗೆ ಸುರಿಯುವಾಗ. ಈ ಉಂಗುರಗಳು ಹಗುರ, ಬಟ್ಟಲು ತುಂಬಿದರೂ ಕಡಿಮೆ ಅನಿಸುತ್ತದೆ. ಕೈ ಅಳತೆಯಲ್ಲಿ ಸುರಿದರೆ 60 ಗ್ರಾಂ ಸುಲಭವಾಗಿ ಬೀಳುತ್ತದೆ, ಅಷ್ಟರಲ್ಲಿ ಸುಮಾರು 18 ಗ್ರಾಂ ಸಕ್ಕರೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಿದ್ದರೆ ಖಾಲಿ ಬಟ್ಟಲಿಟ್ಟು ಸೊನ್ನೆ ಮಾಡಿ, ಎಂದಿನಷ್ಟೇ ಸುರಿದು ನೋಡಿ. ಪ್ಯಾಕೆಟ್ ಹೇಳುವ ಸರ್ವಿಂಗಿಗೂ ನಿಮ್ಮ ಮನೆಯ ಬಟ್ಟಲಿಗೂ ಎಷ್ಟು ಅಂತರ ಅಂತ ಆಗಲೇ ಗೊತ್ತಾಗುತ್ತದೆ.

ಇನ್ನೊಂದು ಅಂಶ ಹೆಚ್ಚಿನವರ ಕಣ್ಣಿಗೆ ಬೀಳುವುದೇ ಇಲ್ಲ. ಡಬ್ಬಿ ಮೇಲಿನ ಶೇಕಡಾವಾರು ಲೆಕ್ಕವೆಲ್ಲ ದಿನಕ್ಕೆ 2000 ಕ್ಯಾಲರಿ ತಿನ್ನುವ ದೊಡ್ಡವರಿಗೆ. ಅವರಿಗೆ ಬೆರೆಸಿದ ಸಕ್ಕರೆಯ ಮಿತಿ 50 ಗ್ರಾಂ, ಹಾಗಾಗಿ 12 ಗ್ರಾಂ ಎಂದರೆ ಶೇ. 24. ನಾಲ್ಕರಿಂದ ಆರು ವರ್ಷದ ಮಗುವಿಗೆ ಬೇಕಾಗುವುದು ದಿನಕ್ಕೆ ಸುಮಾರು 1360 ಕ್ಯಾಲರಿ. ಸಕ್ಕರೆಯಿಂದ ಬರುವ ಶಕ್ತಿ ಒಟ್ಟು ಕ್ಯಾಲರಿಯ ಶೇ. 10 ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ನಿಮ್ಮ ಮಗಳಿಗೆ ದಿನದ ಮೇಲ್ಮಿತಿ 34 ಗ್ರಾಂ, ಒಳ್ಳೆಯ ಮಿತಿ 17 ಗ್ರಾಂ. ಬೆಳಗಿನ ಒಂದೇ ಬಟ್ಟಲಿಗೆ 17 ದಾಟಿತು. ಬಿಸ್ಕತ್ತು, ಜ್ಯೂಸು, ರಾತ್ರಿಯ ಹಾಲಿನ ಸಕ್ಕರೆ ಇನ್ನೂ ಬಾಕಿ ಇವೆ.

ಸಕ್ಕರೆ, ನಾರು ಕಳೆದರೆ 39 ಗ್ರಾಮಿನಲ್ಲಿ ಉಳಿಯುವ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟಿನ ಬಹುಪಾಲು ಪಿಷ್ಟ. ನುಣ್ಣಗಿನ ಹಿಟ್ಟನ್ನು ಯಂತ್ರದಲ್ಲಿ ಒತ್ತಡ, ಬಿಸಿ ಕೊಟ್ಟು ಬೇಯಿಸಿ ಉಬ್ಬಿಸಿರುವುದರಿಂದ ಅದು ಬೇಗ ಜೀರ್ಣವಾಗುತ್ತದೆ. ಬಟ್ಟಲಿನ ಪ್ರೋಟೀನ್ ಹೆಚ್ಚಾಗಿ ಬರುವುದು ಹಾಲಿನಿಂದ, 150 ಮಿ.ಲೀ. ಹಾಲಿನಲ್ಲಿ ಸುಮಾರು 5 ಗ್ರಾಂ. ಹಾಲನ್ನು ಅರ್ಧಕ್ಕೇ ಬಿಟ್ಟು ಉಂಗುರಗಳನ್ನಷ್ಟೇ ಆರಿಸಿ ತಿನ್ನುವ ಮಗುವಿಗೆ ಹತ್ತು ಗಂಟೆಗೆಲ್ಲ ಹಸಿವಾಗುವುದು ಸಹಜ.

ವಿಟಮಿನ್, ಕಬ್ಬಿಣದ ಮಾತು ಸುಳ್ಳಲ್ಲ. ಬಿಸಿಗೆ ಕೆಡುವ ವಿಟಮಿನ್‌ಗಳನ್ನು ಬೇಯಿಸಿದ ಮೇಲೆ ಸಿಂಪಡಿಸುತ್ತಾರೆ. ನೀರಿನಲ್ಲಿ ಕರಗುವ ಸಿ, ಬಿ ವಿಟಮಿನ್‌ಗಳ ಒಂದಷ್ಟು ಪಾಲು ಹಾಲಿಗೆ ಇಳಿಯುತ್ತದೆ, ಸಕ್ಕರೆಯೂ ಬಣ್ಣವೂ ಅದರ ಜೊತೆಗೇ ಇಳಿಯುತ್ತವೆ. ಕಬ್ಬಿಣವನ್ನಂತೂ ಕಣ್ಣಾರೆ ನೋಡಬಹುದು. ಪಟ್ಟಿಯಲ್ಲಿ 'ರಿಡ್ಯೂಸ್ಡ್ ಐರನ್' ಎಂದಿದ್ದರೆ ಅದು ಲೋಹದ ನುಣುಪಾದ ಪುಡಿ. ಒಂದು ಕಪ್ ಸೀರಿಯಲ್ ಅನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪುಡಿಮಾಡಿ, ಅರ್ಧ ಚೀಲ ಬೆಚ್ಚಗಿನ ನೀರು ತುಂಬಿ ಅರ್ಧ ಗಂಟೆ ಬಿಡಿ. ಬಲವಾದ ನಿಯೋಡಿಮಿಯಮ್ ಅಯಸ್ಕಾಂತವನ್ನು ಚೀಲದ ಹೊರಗಿನಿಂದ ಒತ್ತಿ ಮೆಲ್ಲಗೆ ಮೂಲೆಯ ಕಡೆಗೆ ಎಳೆದರೆ ಬೂದುಗಪ್ಪು ಎಳೆಯೊಂದು ಹಿಂದೆಯೇ ಸರಿದು ಬರುತ್ತದೆ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತಕ್ಕೆ ಅಷ್ಟು ಬಲವಿಲ್ಲ. ಹಿಟ್ಟು ಗಟ್ಟಿಯಾಗಿದ್ದರೂ ಪುಡಿ ಸರಿಯುವುದಿಲ್ಲ, ಇನ್ನಷ್ಟು ನೀರು ಸೇರಿಸಿ. (ಈ ಅಯಸ್ಕಾಂತ ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ಜೀವಕ್ಕೇ ಅಪಾಯ.) ಇಂಥ ಕಬ್ಬಿಣ ಹೊಟ್ಟೆಯ ಆಮ್ಲದಲ್ಲಿ ಕರಗಿದಷ್ಟೇ ಮೈಗೆ ಹತ್ತುತ್ತದೆ. ಹಾಲಿನ ಕ್ಯಾಲ್ಸಿಯಂ, ಟೀ, ಕಾಫಿ ಅದನ್ನೂ ತಗ್ಗಿಸುತ್ತವೆ, ವಿಟಮಿನ್ ಸಿ ಹೆಚ್ಚಿಸುತ್ತದೆ. ರಕ್ತಹೀನತೆ ಇರುವ ಮಗುವಿಗೆ ಸೀರಿಯಲ್ ಮದ್ದಾಗದು, ವೈದ್ಯರಿಗೆ ತೋರಿಸಿ.

ಬಣ್ಣಗಳ ವಿಷಯ. ಅಮೆರಿಕದ ಫ್ರೂಟ್ ಲೂಪ್ಸ್‌ನಲ್ಲಿ ಬಳಸುತ್ತ ಬಂದ ನಾಲ್ಕು ಕೃತಕ ಬಣ್ಣಗಳಲ್ಲಿ ಮೂರು (102, 110, 129 ಸಂಖ್ಯೆಯವು) ಇರುವ ಆಹಾರದ ಮೇಲೆ ಮಕ್ಕಳ ಚಟುವಟಿಕೆ, ಗಮನಶಕ್ತಿಗೆ ತೊಂದರೆಯಾಗಬಹುದು ಎಂಬ ಎಚ್ಚರಿಕೆ ಯುರೋಪಿನಲ್ಲಿ 2010ರಿಂದ ಕಡ್ಡಾಯ. ಅಮೆರಿಕದ ಕಂಪನಿ 2027ರ ಕೊನೆಯೊಳಗೆ ಅವನ್ನು ತೆಗೆಯುವುದಾಗಿ ಹೇಳಿದೆ. ಒಳ್ಳೆಯದೇ. ಆದರೆ ಬಣ್ಣ ಬದಲಾದ ಮಾತ್ರಕ್ಕೆ ಸಕ್ಕರೆ ಕಡಿಮೆಯಾಗುವುದಿಲ್ಲ.

ಅಂಗಡಿಯಲ್ಲಿ ಎರಡು ಪ್ಯಾಕೆಟ್ ಹೋಲಿಸುವಾಗ ಸರ್ವಿಂಗಿನ ಸಾಲು ಬಿಡಿ. ಒಂದರಲ್ಲಿ 30 ಗ್ರಾಂ, ಇನ್ನೊಂದರಲ್ಲಿ 39 ಇದ್ದರೆ ಸಣ್ಣ ಸರ್ವಿಂಗಿನದರಲ್ಲೇ ಸಕ್ಕರೆ ಕಡಿಮೆ ಎಂಬಂತೆ ಕಾಣುತ್ತದೆ. ನಮ್ಮ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದ ಲೇಬಲ್‌ನಲ್ಲಿ 100 ಗ್ರಾಮಿನ ಲೆಕ್ಕವೂ, 'ಆಡೆಡ್ ಶುಗರ್' ಎಂಬ ಪ್ರತ್ಯೇಕ ಸಾಲೂ ಇರುತ್ತವೆ, ಅವನ್ನೇ ನೋಡಿ. 100 ಗ್ರಾಮಿಗೆ ಒಟ್ಟು ಸಕ್ಕರೆ 22.5 ಗ್ರಾಂ ಮೀರಿದರೆ ಬ್ರಿಟನ್ನಿನ ಲೇಬಲ್ ಪದ್ಧತಿಯಲ್ಲಿ ಕೆಂಪು ಗುರುತು ಬೀಳುತ್ತದೆ. ಮೇಲಿನ ಡಬ್ಬಿಯ ಲೆಕ್ಕ ಸುಮಾರು 31. ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟವನ್ನು ಒಡೆದು ಮಾಡಿದ ಪುಡಿ) ಸಕ್ಕರೆಯ ಸಾಲಿಗೆ ಬರುವುದಿಲ್ಲ, ಆದರೂ ರಕ್ತದ ಗ್ಲೂಕೋಸನ್ನು ಬೇಗ ಏರಿಸುತ್ತದೆ. ಮನೆಯಲ್ಲಿ ಮಧುಮೇಹಿಗಳಿದ್ದರೆ ಅದನ್ನೂ ಪಟ್ಟಿಯಲ್ಲಿ ಹುಡುಕಿ.

ಒಮ್ಮೆಲೇ ನಿಲ್ಲಿಸಿದರೆ ಮಗು ಹಟ ಹಿಡಿಯುತ್ತದೆ. ಮೊದಲ ವಾರ ಸಿಹಿ ಉಂಗುರ ಅರ್ಧ, ಹುರಿದ ಅವಲಕ್ಕಿ ಅರ್ಧ ಮಾಡಿ. ಎರಡು ಮೂರು ವಾರದಲ್ಲಿ 10 ಗ್ರಾಂ ಉಂಗುರ (ಕಪ್ಪಿನ ಮೂರನೇ ಒಂದು ಭಾಗ), 20 ಗ್ರಾಂ ಅವಲಕ್ಕಿ, ಸಕ್ಕರೆ ಹಾಕದ 150 ಮಿ.ಲೀ. ಹಾಲು, ಒಂದು ದೊಡ್ಡ ಚಮಚ ಹುರಿಗಡಲೆ ಅಥವಾ ಶೇಂಗಾ ಪುಡಿಗೆ ಬಂದು ನಿಲ್ಲಿ. ಬೆರೆಸಿದ ಸಕ್ಕರೆ 3 ಗ್ರಾಮಿಗೆ ಇಳಿಯುತ್ತದೆ, ಪ್ರೋಟೀನ್ 8–9 ಗ್ರಾಂ ಸಿಗುತ್ತದೆ. ಜೊತೆಗೆ ಅರ್ಧ ಸೀಬೆಹಣ್ಣು ಕೊಡಿ. 50 ಗ್ರಾಂ ಸೀಬೆಯಲ್ಲಿ ಸುಮಾರು 4 ಗ್ರಾಂ ನಾರು, 100 ಮಿ.ಗ್ರಾಂ ವಿಟಮಿನ್ ಸಿ ಇದೆ, ಕಬ್ಬಿಣ ಹೀರಲು ಅದೇ ನೆರವಾಗುತ್ತದೆ.

ತೆಳು ಅವಲಕ್ಕಿಯನ್ನೇ ತಗೊಳ್ಳಿ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ತನಕ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿಯಿರುವಾಗಲೇ ಮುಚ್ಚಿದರೆ ಆವಿಗೆ ಮೆತ್ತಗಾಗುತ್ತದೆ. ಬಟ್ಟಲಿಗೆ ಮೊದಲು ಹಾಲು ಹಾಕಿ, ಅವಲಕ್ಕಿಯನ್ನು ಕೊನೆಗೆ ಮೇಲಿನಿಂದ ಉದುರಿಸಿ. ಚಿಕ್ಕ ಮಕ್ಕಳಿಗೆ ಇಡೀ ಶೇಂಗಾ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಪುಡಿಯಾಗಿಯೇ ಹಾಕಿ. ಎರಡು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ಅವರ ಬಟ್ಟಲಿಗೆ ಈ ಸಿಹಿ ಉಂಗುರ ಬೇಡವೇ ಬೇಡ.